ಮಿಯೆರಾ ಬರೆದ ನದಿ: ತಪ್ಪು ಯಾರದು?

ಅಲೆಮಾರಿ_ಯೂಟಾ:
ಹೋದ ತಿಂಗಳು ಅಮೆರಿಕದ ಯೂಟಾದಲ್ಲಿರೋ ಲೇಕ್ ಪೊವೆಲ್ ಜಲಾಶಯಕ್ಕೆ ಹೋಗಿದ್ದೆ. ಅಲ್ಲಿ ಒಂದು ಕಡೆಗೆ ಪಾದ್ರೆ ಬೇ ಅಂತ ಹೆಸರು. ಯಾಕೆ ಅಂತ ಕೆದಕಿದಾಗ ಡೊಮಿಂಗೆಜ್ ಮತ್ತು ಎಸ್ಕಲಾಂಟೆ ಎಂಬ ಇಬ್ಬರು ಸ್ಪ್ಯಾನಿಷ್ ಪಾದ್ರಿಗಳ ಕತೆ ಸಿಕ್ಕಿತು. 1776ರ ಜುಲೈ 29ಕ್ಕೆ ಈಗಿನ ನ್ಯೂ ಮೆಕ್ಸಿಕೊದ ಸಾಂತಾ ಫೆಯಿಂದ ಹತ್ತು ಜನ ಹೊರಟರು. ಕ್ಯಾಲಿಫೋರ್ನಿಯಾದ ಮಾಂಟೆರೇಗೆ ನೆಲದ ದಾರಿ ಹುಡುಕಬೇಕಿತ್ತು. ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಹಿಮ ಬಿತ್ತು, ಮುಂದೆ ಹೋಗೋದಾ ವಾಪಸ್ಸಾ ಅಂತ ಜಗಳ ಆಯಿತು, ಕೊನೆಗೆ ಚೀಟಿ ಎತ್ತಿ ವಾಪಸ್ ಹೊರಟರು, ದಾರಿಯಲ್ಲಿ ಊಟಕ್ಕೆ ತಮ್ಮ ಕುದುರೆಗಳನ್ನೇ ಕೊಂದು ತಿಂದರು. ಸಾಲದ್ದಕ್ಕೆ ಜೊತೆಗಿದ್ದ ನಕ್ಷೆಗಾರ ಮಿಯೆರಾ ಇಲ್ಲದ ನದಿಯೊಂದನ್ನು ಬರೆದು ಮುಂದಿನ ಸುಮಾರು 70 ವರ್ಷ ಎಲ್ಲರ ದಾರಿ ತಪ್ಪಿಸಿದ. ಈ ಯಾತ್ರೆಯನ್ನು ಯಾಕೆ ಇಷ್ಟೊಂದು ಹೊಗಳುತ್ತಾರೋ ಅರ್ಥ ಆಗಲಿಲ್ಲ.

ನಕ್ಷೆ_ಹುಚ್ಚ:
ಇಲ್ಲದ ನದಿ ಅನ್ನಬೇಡಿ. ಸೆಪ್ಟೆಂಬರ್‌ನಲ್ಲಿ ಅವರು ಈಗಿನ ಗ್ರೀನ್ ನದಿ ದಾಟಿದರು. ಅದಕ್ಕೆ ಸಾನ್ ಬ್ಯುವೆನವೆಂಚುರಾ ಅಂತ ಹೆಸರಿಟ್ಟರು. ಆಮೇಲೆ ಪಶ್ಚಿಮದಲ್ಲಿ ಸೆವಿಯರ್ ನದಿ ಸಿಕ್ಕಿತು. ಮಿಯೆರಾ ಎರಡೂ ಒಂದೇ ಅಂದುಕೊಂಡು ಜೋಡಿಸಿಬಿಟ್ಟ. ಅಷ್ಟೇ ತಪ್ಪು. ಆ ನದಿಯನ್ನು ಅವನು ಒಂದು ಸರೋವರಕ್ಕೆ ತಂದು ಬಿಟ್ಟ, ಸಮುದ್ರಕ್ಕೆ ಹರಿಸಲೇ ಇಲ್ಲ. ಅವನ ಮಾಹಿತಿ ಜರ್ಮನ್ ಭೂಗೋಳ ತಜ್ಞ ಹಂಬೋಲ್ಟ್‌ನ ನಕ್ಷೆಗೆ ಹೋಯಿತು. ಆಮೇಲೆ ಬಂದವರು, ಈ ಕಡೆಗೆ ಕಾಲೇ ಇಡದವರು, ಮೇಜಿನ ಮುಂದೆ ಕೂತು ಅದನ್ನು ಪೆಸಿಫಿಕ್‌ವರೆಗೆ ಎಳೆದರು.

ಖಾರದ_ಕಾಮೆಂಟ್:
ಸರೋವರದ ಪಶ್ಚಿಮದ ದಡವನ್ನೇ ಬರೆಯದೆ ಬಿಟ್ಟವನು ಯಾರು? ಬಾಗಿಲು ತೆರೆದಿಟ್ಟು, ಒಳಗೆ ನುಗ್ಗಿದವರದ್ದೇ ತಪ್ಪು ಅಂದರೆ ಹೇಗೆ!

ನಕ್ಷೆ_ಹುಚ್ಚ:
ನೋಡದ್ದನ್ನು ಬರೆಯಲಿಲ್ಲ, ಅದು ಪ್ರಾಮಾಣಿಕತೆ ಸ್ವಾಮಿ. ಸುಮ್ನೆ ಒಂದು ದಡ ಗೀಚಿದ್ದರೆ ಒಳ್ಳೆಯದಿತ್ತಾ?

ಮರಳುಮೇಷ್ಟ್ರು:
ಇಬ್ಬರೂ ನದಿ ಹಿಡಿದು ಜಗ್ಗಾಡುತ್ತಿದ್ದೀರಿ, ದಾರಿ ತೋರಿಸಿದವರ ಹೆಸರೇ ಬರಲಿಲ್ಲ. ಯೂಟಾ ಸರೋವರದವರೆಗೆ ಕರೆದುಕೊಂಡು ಹೋಗಿದ್ದು ಅಲ್ಲಿಯದೇ ಯೂಟ್ ಎಂಬ ಮೂಲನಿವಾಸಿ ಜನರವನು. ಅವನಿಗೆ ಇವರು ಸಿಲ್ವೆಸ್ತ್ರೆ ಅಂತ ಹೆಸರಿಟ್ಟರು. ಅಲ್ಲಿಂದ ಮುಂದಕ್ಕೆ ಇನ್ನೊಬ್ಬ ಬಂದ. ಅವನು ತಂಡದವರೇ ಹೊಡೆದಾಡಿಕೊಳ್ಳುವುದನ್ನು ನೋಡಿ ಅಕ್ಟೋಬರ್ 5ಕ್ಕೆ ಬಿಟ್ಟು ಹೋದ. ಆರೇ ದಿನಕ್ಕೆ ಇವರು ಚೀಟಿ ಎತ್ತುವ ಸ್ಥಿತಿಗೆ ಬಂದರು. ಹಿಮ ಅಂತೀರಿ, ನನ್ನ ಪ್ರಕಾರ ಮಾರ್ಗದರ್ಶಿ ಹೋದದ್ದೇ ದೊಡ್ಡ ಏಟು. ಗ್ರೇಟ್ ಸಾಲ್ಟ್ ಲೇಕ್ ಕೂಡ ಇವರು ಕಣ್ಣಾರೆ ನೋಡಿದ್ದಲ್ಲ, ಅಲ್ಲಿಯವರು ಹೇಳಿದ್ದನ್ನು ಕೇಳಿ ಬರೆದುಕೊಂಡಿದ್ದು.

ಖಾರದ_ಕಾಮೆಂಟ್:
ಇದನ್ನು ಒಪ್ಪಿದೆ. ಆದರೂ ಆ ನದಿಯ ಗೊಂದಲ ಮುಗಿಸಿದ್ದು ಅಮೆರಿಕ ಸರ್ಕಾರವೇ ತಾನೇ? ಸೇನಾಧಿಕಾರಿ ಫ್ರೆಮಾಂಟ್ 1844ರ ಜನವರಿಯಲ್ಲಿ ನೆವಾಡಾದ ಪಿರಮಿಡ್ ಲೇಕ್ ಹತ್ತಿರ ಬ್ಯುವೆನವೆಂಚುರಾ ಹುಡುಕಿದ, ಸಿಗಲಿಲ್ಲ. ಚಳಿಗಾಲದಲ್ಲೇ ಸಿಯೆರಾ ಬೆಟ್ಟ ಹತ್ತಿದ, ಎಳೆದುಕೊಂಡು ಬಂದಿದ್ದ ಫಿರಂಗಿಯನ್ನು ಹಿಮದಲ್ಲೇ ಬಿಟ್ಟ. ಒಂದು ಸುತ್ತು ಹಾಕಿ ಬಂದ ಮೇಲೆ ಇಲ್ಲಿನ ನೀರು ಯಾವ ಸಮುದ್ರಕ್ಕೂ ಹೋಗುವುದಿಲ್ಲ, ಒಳಗೇ ಇಂಗಿ ಆವಿಯಾಗುತ್ತದೆ ಅಂತ ತೀರ್ಮಾನಿಸಿದ. ಈ ಪ್ರದೇಶಕ್ಕೆ ಗ್ರೇಟ್ ಬೇಸಿನ್ ಅನ್ನೋ ಹೆಸರು ಬಂದಿದ್ದು ಅವನಿಂದ.

ಅಲೆಮಾರಿ_ಯೂಟಾ:
ಸಮುದ್ರಕ್ಕೆ ಹೊರಟ ನದಿ ಹುಡುಕಲು ಫಿರಂಗಿ ಯಾಕಂತೆ?

ಮರಳುಮೇಷ್ಟ್ರು:
ಆ ಪ್ರಶ್ನೆ ಅವನ ಮೇಲಿನವರಿಗೂ ಬಂದಿತ್ತು 😄 ಆದರೆ ಫ್ರೆಮಾಂಟ್‌ಗೆ ಪೂರ್ತಿ ಕ್ರೆಡಿಟ್ ಕೊಡಬೇಡಿ. ಜೆಡಿಡಯಾ ಸ್ಮಿತ್ 1827ರಲ್ಲೇ ಇಬ್ಬರ ಜೊತೆ ನೆವಾಡಾದ ಮರುಭೂಮಿ ದಾಟಿದ್ದ. ಬಿಸಿಲಿಗೆ ತಡೆಯಲಾಗದೆ ಮರಳಲ್ಲಿ ಗುಂಡಿ ತೋಡಿ ಮಲಗಿದ್ದರು. ಅವನು ತುಪ್ಪಳದ ವ್ಯಾಪಾರಿ. ಫ್ರೆಮಾಂಟ್‌ನ ಮಾವ ಸೆನೆಟರ್, ವರದಿ ಬರೆಯಲು ಹೆಂಡತಿ ಜೆಸ್ಸಿ ಕೈಜೋಡಿಸಿದಳು, 1845ರಲ್ಲಿ ಸೆನೆಟ್ ಅದನ್ನು 10,000 ಪ್ರತಿ ಅಚ್ಚು ಹಾಕಿಸಿತು. ಸರ್ಕಾರದ ಯಾತ್ರೆ ಅಂದರೆ ಅರ್ಧ ನಡಿಗೆ, ಅರ್ಧ ಅಚ್ಚು. ಐವ್ಸ್ ಅಂತ ಇನ್ನೊಬ್ಬ ಸೇನಾಧಿಕಾರಿ 1858ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೋಗಿ ಬಂದು, ಲಾಭವಿಲ್ಲದ ಜಾಗ, ಬಿಳಿಯರಲ್ಲಿ ನಾವೇ ಮೊದಲು, ನಾವೇ ಕೊನೆ ಅಂತ ಬರೆದ. ಕೊನೆ ಅನ್ನುವುದು ಬಿಡಿ, ಮೊದಲು ಅನ್ನುವುದೂ ಸುಳ್ಳು. 1540ರಲ್ಲಿ ಹೋಪಿ ಎಂಬ ಮೂಲನಿವಾಸಿ ಜನ ಸ್ಪೇನ್‌ನ ಕಾರ್ದೆನಾಸ್‌ನನ್ನು ಕಣಿವೆಯ ಅಂಚಿಗೆ ಕರೆತಂದಿದ್ದರು. 1776ರಲ್ಲಿ ಗಾರ್ಸೆಸ್ ಎಂಬ ಪಾದ್ರಿ ಹವಸುಪಾಯಿ ಜನರ ಕಣಿವೆಗೇ ಇಳಿದಿದ್ದ.

ನಕ್ಷೆ_ಹುಚ್ಚ:
ಮೂಲ ಪ್ರಶ್ನೆಗೆ ಬರ್ತೀನಿ. ಮಾಂಟೆರೇ ತಲುಪಲಿಲ್ಲ, ಸರಿ. ಆದರೆ ವಾಪಸ್ ಬರುವಾಗ ಕೊಲೊರಾಡೋ ನದಿ ದಾಟುವ ಜಾಗಕ್ಕೆ ದಿನಗಟ್ಟಲೆ ಒದ್ದಾಡಿದರು. ಕೊನೆಗೆ ಪ್ರಾಣಿಗಳು ಇಳಿಯಲಿ ಅಂತ ಬಂಡೆಯಲ್ಲಿ ಮೆಟ್ಟಿಲು ಕಡಿದು ನವೆಂಬರ್ 7ಕ್ಕೆ ದಾಟಿದರು. 1829ರಲ್ಲಿ ಆಂಟೋನಿಯೊ ಆರ್ಮಿಹೋ ಎಂಬ ವ್ಯಾಪಾರಿ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಲಾಸ್ ಏಂಜಲಿಸ್‌ಗೆ ಹೋದದ್ದು ಅದೇ ಜಾಗದಲ್ಲಿ ದಾಟಿ. ಇದನ್ನೂ ಸೋಲು ಅಂತೀರಾ?

ಅಲೆಮಾರಿ_ಯೂಟಾ:
ಆ ಮೆಟ್ಟಿಲುಗಳನ್ನು ನೋಡಬಹುದಾ?

ನಕ್ಷೆ_ಹುಚ್ಚ:
ಎಲ್ಲಿಂದ? ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ 1963ರಿಂದ ನೀರು ನಿಲ್ಲಿಸಿದರಲ್ಲ, ಆ ಜಾಗವೇ ಮುಳುಗಿತು. ಪಾದ್ರೆ ಬೇ ಅಂದಿರಲ್ಲ, ಅದರ ಕೆಳಗೇ ಇರೋದು.

ಅಲೆಮಾರಿ_ಯೂಟಾ:
ಅಯ್ಯೋ, ಹಾಗಾದರೆ ಅವತ್ತು ದೋಣಿಯಲ್ಲಿ ಚುರುಮುರಿ ತಿನ್ನುತ್ತಾ ಅದರ ಮೇಲೇ ಹೋಗಿದ್ದೀನಿ.