ಗದಗಿನ ಗೇಮಿಂಗ್ ಕಂಪ್ಯೂಟರಿನ ಬ್ಯಾಕಪ್ ಪ್ರೋಗ್ರಾಂಗಳು

ತಮ್ಮಾ, ನಿನ್ನೆ ರಾತ್ರಿ ಗ್ರೂಪಿನಲ್ಲಿ ನೀನು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಗದಗಿನ ಮನೆಯ ಕಂಪ್ಯೂಟರ್ ಆನ್ ಆದ ಮೇಲೂ ಬಹಳ ಹೊತ್ತು ತಡವರಿಸುತ್ತದೆ, ಆಟದ ನಡುವೆಯೂ ತಡೆತಡೆದು ಓಡುತ್ತದೆ ಎಂದು ಬರೆದಿದ್ದೀಯ. ಬ್ಯಾಕಪ್ ಪ್ರೋಗ್ರಾಂಗಳನ್ನೆಲ್ಲ ಕಿತ್ತುಹಾಕು ಎಂದು ಕಾಕಾ ಹೇಳಿದ್ದಾರೆ. ಲಕ್ಕುಂಡಿಯಲ್ಲಿ ತೆಗೆದ ಫೋಟೋಗಳು ಹೋದಾವೆಂದು ಕಾಕು ಹೆದರಿದ್ದಾರೆ. ಕಾಕು ಹೆದರಬೇಕಾಗಿಲ್ಲ. ಕಿತ್ತುಹಾಕುವುದೂ ಬೇಡ, ಸ್ಟಾರ್ಟ್‌ಅಪ್‌ನಲ್ಲಿ (ವಿಂಡೋಸ್ ಜೊತೆಗೆ ತಾನಾಗಿ ಏಳುವವುಗಳ ಪಟ್ಟಿಯಲ್ಲಿ) ಡಿಸೇಬಲ್ ಮಾಡಿದರೆ ಸಾಕು. ಹಾಗೆ ಡಿಸೇಬಲ್ ಮಾಡಿದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಅದು ಈಗಾಗಲೇ ತೆಗೆದಿಟ್ಟ ಪ್ರತಿಗಳೂ ಇದ್ದಲ್ಲಿಯೇ ಇರುತ್ತವೆ. ವಿಂಡೋಸ್ ತೆರೆದೊಡನೆ ಅದು ತಾನಾಗಿ ಏಳುವುದಷ್ಟೇ ನಿಲ್ಲುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡವಾದುದರ ಮೇಲೆ ಬಲಬದಿಯ ಬಟನ್ ಒತ್ತಿ ಡಿಸೇಬಲ್ ಮಾಡು. ಅಲ್ಲಿ ಸ್ಟಾರ್ಟ್‌ಅಪ್ ಇಂಪ್ಯಾಕ್ಟ್ ಕಾಲಂನಲ್ಲಿ 'ಹೈ' ಎಂದು ಕಂಡದ್ದನ್ನೆಲ್ಲ ಶತ್ರುವೆಂದು ತಿಳಿಯಬೇಡ. ಏಳುವಾಗ 1 ಸೆಕೆಂಡಿಗಿಂತ ಹೆಚ್ಚು ಪ್ರೊಸೆಸರ್ ಸಮಯವನ್ನು ಅಥವಾ 3 ಎಂಬಿಗಿಂತ ಹೆಚ್ಚು ಡಿಸ್ಕ್ ಓದು-ಬರಹವನ್ನು ಬಳಸಿದರೆ ಸಾಕು, ವಿಂಡೋಸ್ ಹಾಗೆ ಗುರುತು ಹಾಕುತ್ತದೆ. ಆಟದ ವೇಳೆಯಲ್ಲಿ ಅದು ಏನು ಮಾಡುತ್ತದೆ ಎಂಬುದು ಆ ಗುರುತಿನಲ್ಲಿ ತಿಳಿಯುವುದಿಲ್ಲ. ಅದಕ್ಕೆ ಆಟ ತಡೆದಾಗಲೇ ಪ್ರೊಸೆಸಸ್ ಪುಟದ ಡಿಸ್ಕ್ ಕಾಲಂ ನೋಡಬೇಕು.

ನಿನ್ನ ಪಟ್ಟಿಯಲ್ಲಿರುವ ಮೂರರಲ್ಲಿ ಒಂದು ಹೊರಗಿನ ಹಾರ್ಡ್ ಡಿಸ್ಕಿನ ಜೊತೆ ಬಂದದ್ದು, ಇನ್ನೊಂದು ಮದರ್‌ಬೋರ್ಡಿನ ಜೊತೆ ಬಂದದ್ದು, ಮೂರನೆಯದು ಒನ್‌ಡ್ರೈವ್, ಅಂದರೆ ಕಡತಗಳನ್ನು ಇಂಟರ್ನೆಟ್‌ನಲ್ಲಿ (ಕ್ಲೌಡಿನಲ್ಲಿ) ಇಡುವ ಮೈಕ್ರೋಸಾಫ್ಟ್‌ನ ಪ್ರೋಗ್ರಾಂ. ಒಂದೇ ಫೋಲ್ಡರಿಗೆ ಮೂವರು ಕಾವಲುಗಾರರು ಏಕೆ ಬೇಕು? ಮದರ್‌ಬೋರ್ಡಿನದನ್ನು ನಿಶ್ಚಿಂತೆಯಿಂದ ನಿಲ್ಲಿಸು. ಹಾರ್ಡ್ ಡಿಸ್ಕಿನದನ್ನೂ ನಿಲ್ಲಿಸಬಹುದು, ಆದರೆ ವಾರಕ್ಕೊಮ್ಮೆ ಡಿಸ್ಕ್ ಜೋಡಿಸಿ ಅದನ್ನು ಕೈಯಿಂದಲೇ ತೆರೆದು ಪ್ರತಿ ತೆಗೆಯುವ ಕೆಲಸ ನಿನ್ನ ಮೇಲೆ ಬರುತ್ತದೆ. ಒನ್‌ಡ್ರೈವ್ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡ: ಎಷ್ಟೋ ಆಟಗಳು ಸೇವ್ ಕಡತಗಳನ್ನು (ನೀನು ಎಲ್ಲಿಯವರೆಗೆ ಆಡಿದ್ದೀಯ ಎಂಬ ದಾಖಲೆಯನ್ನು) ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಡುತ್ತವೆ, ಅದೇ ಫೋಲ್ಡರನ್ನು ಒನ್‌ಡ್ರೈವ್ ನೋಡಿಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಿದ ದಿನದಿಂದ ಹೊಸ ಸೇವ್‌ಗಳು ಕ್ಲೌಡಿಗೆ ಹೋಗುವುದಿಲ್ಲ. ಮೋಡದ ಗುರುತಿರುವ ಕಡತಗಳು ನಿನ್ನ ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಕಾಕುವಿನ ಫೋಟೋಗಳು ಹಾಗಿದ್ದರೆ ಮೊದಲು ಅವನ್ನು ಇಳಿಸಿಕೋ. ಇಲ್ಲವೇ ಒನ್‌ಡ್ರೈವ್ ಅನ್ನು ಹಾಗೆಯೇ ಬಿಟ್ಟು, ಆಡುವ ಹೊತ್ತಿಗೆ ಮಾತ್ರ ಅದರ ಸಿಂಕ್ ಅನ್ನು, ಅಂದರೆ ಕಡತಗಳನ್ನು ಕ್ಲೌಡಿನೊಂದಿಗೆ ಹೊಂದಿಸುವ ಕೆಲಸವನ್ನು, 2 ಗಂಟೆ ತಡೆಹಿಡಿ (Pause). ನನಗೆ ಇದೇ ಸರಿಯೆನಿಸುತ್ತದೆ.

ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೂ ಆ ಪ್ರೋಗ್ರಾಂ ಓಡುತ್ತಲೇ ಇದೆಯೆಂದರೆ ಅದು ಬಹುಶಃ ಸರ್ವಿಸ್ ಆಗಿ, ಅಂದರೆ ತೆರೆಮರೆಯಲ್ಲಿ ಓಡುವ ಪ್ರೋಗ್ರಾಂ ಆಗಿ ಕುಳಿತಿದೆ ಎಂದು ತಿಳಿ, ಏಕೆಂದರೆ ಸರ್ವಿಸ್‌ಗಳು ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಕಾಣುವುದಿಲ್ಲ. ಸರ್ಚ್‌ನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆದು, ಆ ಕಂಪನಿಯ ಹೆಸರಿನದನ್ನು ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸು. ಅಲ್ಲಿಯೇ ಕಾಣುವ ವಾಲ್ಯೂಮ್ ಶ್ಯಾಡೋ ಕಾಪಿಯನ್ನು ಮುಟ್ಟಬೇಡ. ಅದು ವಿಂಡೋಸಿನದೇ, ಕಂಪ್ಯೂಟರ್ ಕೆಟ್ಟಾಗ ಅದನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್ ಅದನ್ನೇ ನಂಬಿಕೊಂಡಿದೆ.

ಒಂದೊಂದನ್ನೇ ನಿಲ್ಲಿಸಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ ಆಡಿ ನೋಡು. ಹೆಸರು ತಿಳಿಯದ್ದು ಸಿಕ್ಕರೆ ಅದರ ಫೋಟೋ ಇಲ್ಲಿಯೇ ಹಾಕು, ಸಂಜೆ ನೋಡಿ ಹೇಳುತ್ತೇನೆ.