ಗೇರ್‌ಬಾಕ್ಸ್ ಸೋರ್ತಿದ್ಯಾ, ಗೇರ್‌ಬಾಕ್ಸಿಂದ ಆಯಿಲ್ ಒಸರ್ತಿದ್ಯಾ?

ಎಲ್ಲರಿಗೂ ನಮಸ್ಕಾರ. ಕಾರ್ ರಿಪೇರಿ ಮಾತು ಇಲ್ಲಿಗ್ಯಾಕೆ ಅನ್ಕೋಬೇಡಿ, ನನ್ನ ಪ್ರಶ್ನೆ ಪದಗಳ ಬಗ್ಗೇನೇ, ಆದ್ರೆ ಅದು ಹುಟ್ಟಿದ್ದು ಕಾರಿನ ಕೆಳಗೆ ಹಾಸಿದ್ದ ರಟ್ಟಿನ ಮೇಲೆ.

ಮೈಸೂರಲ್ಲಿ ಅಪ್ಪನ ಹತ್ರ 2005ರ ಮಾಡೆಲ್ ಆಟೋಮ್ಯಾಟಿಕ್ ಕಾರೊಂದಿದೆ. ಯುಗಾದಿ ಹಿಂದಿನ ವಾರ ಅಮ್ಮ ಪೋರ್ಟಿಕೊ ತೊಳೆಯೋಕೆ ಹೋದೋರು "ಯಾರೋ ಇಲ್ಲಿ ಎಲೆಅಡಿಕೆ ಉಗುಳಿರೋದು" ಅಂತ ಕೂಗಿದ್ರು. ಹೋಗಿ ನೋಡಿದ್ರೆ ಬಿಳಿ ಟೈಲ್ಸ್ ಮೇಲೆ ನಾಣ್ಯದಗಲ ಕೆಂಪು ಕಲೆ, ಬೆರಳಿಟ್ರೆ ನುಣ್ಣಗೆ ಜಾರುತ್ತೆ, ನೀರಿಗೆ ಜಗ್ಗಲ್ಲ. ಎಂಜಿನ್ ಆಯಿಲ್ ಆಗಿದ್ರೆ ಕಪ್ಪಗಿರ್ತಿತ್ತು, ಎಸಿ ನೀರಾಗಿದ್ರೆ ಕಲೇನೇ ಉಳೀತಿರ್ಲಿಲ್ಲ. ಕೆಂಪಗೆ ತೆಳ್ಳಗೆ ಜಿಡ್ಡಾಗಿದ್ರೆ ಹೆಚ್ಚಿನಂಶ ಅದು ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್), ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗಿರೋದು, ಬೇರೆ ಆಯಿಲ್ ಜೊತೆ ಕಲಸುಮೇಲೋಗರ ಆಗ್ಬಾರ್ದು ಅಂತಾನೇ ಅದಕ್ಕೆ ಕೆಂಪು ಬಣ್ಣ ಹಾಕಿರ್ತಾರೆ. ಹಳೇದಾದಂಗೆ ಕಂದು ತಿರುಗುತ್ತೆ, ಕ್ಲಚ್ ಸುಟ್ಟಿದ್ರೆ ಕರಕಲು ವಾಸನೆ ಬರುತ್ತೆ. ಎಷ್ಟೋ ಹಳೇ ಕಾರುಗಳಲ್ಲಿ ಪವರ್ ಸ್ಟೀರಿಂಗಿಗೂ ಇದನ್ನೇ ಹಾಕೋದ್ರಿಂದ ಮೊದ್ಲು ಆ ಡಬ್ಬಿ ತೆಗೆದು ನೋಡ್ದೆ, ಲೆವೆಲ್ ಸರಿಯಾಗಿತ್ತು.

ಈಗ ಮೊದಲನೇ ತೊಡಕು. ನಾನು ವಾಪಸ್ ಊರಿಗೆ ಹೋದ್ಮೇಲೆ ಅಪ್ಪ ಒಬ್ರೇ ಗ್ಯಾರೇಜಿಗೆ ಹೋಗಿ ಹೇಳ್ಬೇಕು, ಏನಂತ ಹೇಳ್ಬೇಕು? ಎಲ್ರೂ ಅನ್ನೋದು "ಗೇರ್ ಆಯಿಲ್". ಹಾಗಂದಿದ್ದಕ್ಕೇ ಒಂದು ಗ್ಯಾರೇಜಲ್ಲಿ ಹುಡುಗ ಟಾಪ್ ಅಪ್ ಮಾಡೋಕೆ ಅಂತ 80ಡಬ್ಲ್ಯು-90 ಡಬ್ಬ ಹಿಡ್ಕೊಂಡು ಬಂದ, ಮುಚ್ಚಳ ಬಿಚ್ಚಿದ್ದ ಕೂಡ, ಲೇಬಲ್ ಕಣ್ಣಿಗೆ ಬಿದ್ದಿದ್ರಿಂದ ತಡೆದೆ. ಅವನದೇನೂ ತಪ್ಪಿಲ್ಲ, ಅದೂ ಗೇರ್ ಆಯಿಲ್ಲೇ, ಮ್ಯಾನುಯಲ್ ಗಾಡಿಗಳ ಗೇರ್‌ಬಾಕ್ಸಿಗೆ ಹಾಕೋ ಮಂದ ಎಣ್ಣೆ, ಹಲ್ಲಿಗೆ ಹಲ್ಲು ಉಜ್ಜದಂಗೆ ನೋಡ್ಕೊಳ್ಳೋದು ಅದರ ಕೆಲಸ. ಎಟಿಎಫ್ ಉಜ್ಜಾಟ ತಪ್ಪಿಸೋದಷ್ಟೇ ಅಲ್ಲ, ಒತ್ತಡದಲ್ಲಿ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಕ್ಲಚ್ ಒತ್ತುತ್ತೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋ ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್ನಿನ ಶಕ್ತೀನ ದಾಟಿಸುತ್ತೆ, ಶಾಖಾನೂ ಹೊತ್ಕೊಂಡು ಹೋಗುತ್ತೆ. ಆ ಮಂದ ಎಣ್ಣೆ ಅಲ್ಲಿಗೆ ಹೋಗಿದ್ರೆ ಗೇರ್‌ಬಾಕ್ಸ್ ಹಾಳಾಗೋ ಮಾತೇ.

ಅಂತರ್ಜಾಲದಲ್ಲಿ ಒಂದು ಕಡೆ ಇದಕ್ಕೆ "ಸ್ವಯಂಚಾಲಿತ ಪ್ರಸರಣ ದ್ರವ" ಅಂತ ಇತ್ತು. ನಮ್ಮಪ್ಪನಿಗೆ ಪ್ರಸರಣ ಅಂದ್ರೆ ವಿದ್ಯುತ್ ಪ್ರಸರಣ ನಿಗಮ! ಕೌಂಟರಲ್ಲಿ ಹೀಗಂದ್ರೆ ಯಾರಿಗೂ ತಿಳಿಯಲ್ಲ. ನಂಗೆ ತೋಚಿದ್ದು "ಕೆಂಪೆಣ್ಣೆ", ಕೇಳಿದ ತಕ್ಷಣ ಗೊತ್ತಾಗುತ್ತೆ, ಆದ್ರೆ ಎಲ್ಲಾ ಕಂಪನಿದೂ ಕೆಂಪಿರಲ್ಲ, ಕೆಂಪಿರೋದೆಲ್ಲಾ ಒಂದೇನೂ ಅಲ್ಲ, ಡೆಕ್ಸ್‌ರಾನ್ ಅನ್ನೋ ಬಗೆಯ ಎಟಿಎಫ್ ಬೇಕಾದ ಗಾಡಿಗೆ ಇನ್ನೊಂದು ಹಾಕೋ ಹಾಗಿಲ್ಲ. ಗ್ಯಾರೇಜ್ ಬಳಕೆ ಗೊತ್ತಿರೋರು ನಿಮ್ಮ ಊರಲ್ಲಿ ಏನಂತಾರೆ ಹೇಳಿ.

ನಂಗೆ ನಿಜವಾಗಿ ಕಾಡ್ತಿರೋದು ಎರಡನೇದು, ಲೀಕ್ ಅನ್ನೋ ಪದ. ಆಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಹೋದ್ವಿ, ಕೊಪ್ಪದ ಕಡೆಯೋರಂತೆ. ಅವ್ರು ಕಾರನ್ನ ಮೇಲೆತ್ತಿ, ಅಡೀಭಾಗ ಪೂರ್ತಿ ತೊಳೆದು ಒರೆಸಿ, "ಒಂದಿಪ್ಪತ್ತು ಕಿಲೋಮೀಟರ್ ಓಡ್ಸಿ, ರಾತ್ರಿ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಬನ್ನಿ" ಅಂದ್ರು. ರಟ್ಟಿನ ಮೇಲೆ ಮೂರು ತೊಟ್ಟು. ಮತ್ತೆ ಕಾರ್ ಎತ್ತಿ ಬಿಳಿ ಬಟ್ಟೇನ ಬೆರಳಿಗೆ ಸುತ್ಕೊಂಡು ಒಂದೊಂದೇ ಜಾಗಕ್ಕೆ ಒತ್ತಿ ತೋರಿಸ್ತಾ ಹೋದ್ರು: "ಈ ಆಯಿಲ್ ಸೀಲ್ ಹತ್ರ ಬರೀ ಪಸೆ ಸಾರ್, ಇಪ್ಪತ್ತು ವರ್ಷದ ಗಾಡಿಗೆ ಇಷ್ಟು ಇರುತ್ತೆ, ಮುಟ್ಬೇಡಿ. ಚೇಂಬರ್ (ಗೇರ್‌ಬಾಕ್ಸಿನ ತಳದ ತಗಡಿನ ತಟ್ಟೆ) ಅಂಚಲ್ಲಿ ಜಿನುಗ್ತಿದೆ. ಆದ್ರೆ ತೊಟ್ಟಿಕ್ತಿರೋದು ಇದಲ್ಲ, ಬಿದ್ದಿರೋ ಜಾಗ ಬಿಡಿ, ಮೇಲೆ ಎಲ್ಲಿಂದ ಒಸರ್ತಿದೆ ನೋಡೋಣ."

ಎಟಿಎಫ್ ತಣ್ಣಗಾಗೋಕೆ ರೇಡಿಯೇಟರಿಗೆ ಹೋಗೋ ಕೂಲರ್ ಲೈನಿನ ರಬ್ಬರ್ ಪೈಪ್ ಕ್ಲಿಪ್ಪಿನ ಬುಡದಲ್ಲಿ ಗಟ್ಟಿಯಾಗಿ ಕೂದಲೆಳೆಯಷ್ಟು ಸೀಳಿತ್ತು. ಅಲ್ಲಿಂದ ಬಂದದ್ದು ಪೈಪಿನ ಹೊಟ್ಟೆ ಹಿಡ್ಕೊಂಡು ಇಳಿದು, ಗಾಡಿ ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಡಿ ಚೇಂಬರ್ ಬೋಲ್ಟುಗಳ ಮೇಲೆ ಕೂತಿತ್ತು. ಒದ್ದೆ ಇರೋದ್ರಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗ ಹುಡುಕ್ಬೇಕು ಅನ್ನೋದು ಇದಕ್ಕೇ. ಇದು ತಿಳೀದೆ ಹಿಂದೆ ಯಾರೋ ಚೇಂಬರ್ ಬೋಲ್ಟ್‌ಗಳನ್ನ ಇನ್ನಷ್ಟು ಟೈಟ್ ಮಾಡಿದ್ರು, ಅವು ಸಣ್ಣ ಬೋಲ್ಟು, ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕು, ಜಾಸ್ತಿ ಬಿಗಿದ್ರೆ ತಗಡಿನ ಅಂಚು ಬಾಗಿ ಪ್ಯಾಕಿಂಗ್ ಹೊರಗೆ ಹಿಂಡ್ಕೊಂಡು ಬರುತ್ತೆ, ಇಲ್ಲದ ಲೀಕ್ ಶುರುವಾಗುತ್ತೆ. ಇಲ್ಲೂ ಅದೇ ಆಗಿತ್ತು. ಎಟಿಎಫ್ ತಡೆಯೋ ಪೈಪು, ಹೊಸ ಪ್ಯಾಕಿಂಗ್, ಬಾಗಿದ ಅಂಚು ತಟ್ಟಿ ನೇರ ಮಾಡಿದ್ದು, ಮ್ಯಾನುಯಲ್ಲಲ್ಲಿ ಹೇಳಿರೋ ದ್ರವ ಹಾಕಿ ಗಾಡಿ ಬಿಸಿಯಾದ್ಮೇಲೆ ಗೇಜ್ ನೋಡಿದ್ದು, ಅಷ್ಟಕ್ಕೆ ಮುಗೀತು. ಎಂಜಿನ್ನೂ ಗೇರ್‌ಬಾಕ್ಸೂ ಕೂಡೋ ಜಾಗದ ತಳದಿಂದ ಬರ್ತಿದ್ರೆ ಮುಂದಿನ ಪಂಪ್ ಸೀಲ್ ಇರ್ಬಹುದು, ಅದಕ್ಕೆ ಗೇರ್‌ಬಾಕ್ಸೇ ಇಳಿಸ್ಬೇಕಾಗ್ತಿತ್ತು, ಅಪ್ಪ ಹೆದರಿದ್ದು ಅದಕ್ಕೇ.

ಮನೆಗೆ ಬಂದು ಯೋಚಿಸ್ದೆ. ಪಸೆ, ಒಸರು, ಜಿನುಗು, ತೊಟ್ಟಿಕ್ಕು, ಸೋರು, ಒಂದೊಂದಕ್ಕೂ ಮಾಡ್ಬೇಕಾದ ಕೆಲಸ ಬೇರೆ, ಲೀಕ್ ಅಂದ್ಬಿಟ್ರೆ ಎಲ್ಲಾ ಒಂದೇ. ಅದಕ್ಕಿಂತ ಹೆಚ್ಚಾಗಿ ವ್ಯಾಕರಣದಲ್ಲೇ ಒಂದು ವಿಷಯ ಇದೆ ಅನ್ಸುತ್ತೆ. ಸೋರು ಅನ್ನೋದನ್ನ ನೀರಿಗೂ ಹೇಳ್ತೀವಿ, ನೀರಿರೋ ವಸ್ತುವಿಗೂ ಹೇಳ್ತೀವಿ: ಬಿಂದಿಗೆ ಸೋರುತ್ತೆ, ಮನೆ ಸೋರುತ್ತೆ, ಗೇರ್‌ಬಾಕ್ಸ್ ಸೋರುತ್ತೆ. ಎಲ್ಲಿಂದ ಅಂತ ಹೇಳೋ ಅಗತ್ಯಾನೇ ಬರಲ್ಲ. ಆದ್ರೆ "ಬಂಡೆ ಒಸರುತ್ತೆ" ಅಂದ್ರೆ ನನ್ನ ಕಿವಿಗೆ ಹೊಂದಲ್ಲ, ಬಂಡೆ ಸಂದಿಯಿಂದ ನೀರು ಒಸರುತ್ತೆ, ಗಾಯದಿಂದ ಕೀವು ಒಸರುತ್ತೆ, ಮರದಿಂದ ಅಂಟು ಒಸರುತ್ತೆ. ಪ್ರತಿ ಸಲಾನೂ ಆ "ಇಂದ" ಜೊತೆಗೇ ಬರುತ್ತೆ, ಅಂದ್ರೆ ಒಸರು ಅಂದೋರು ಜಾಗ ತೋರಿಸ್ಲೇಬೇಕು. ಆ ಮೆಕ್ಯಾನಿಕ್ ಬಾಯಲ್ಲಿ ಎಲ್ಲಿಂದ ಅನ್ನೋದೂ ಒಸರು ಅನ್ನೋದೂ ಒಟ್ಟಿಗೆ ಬಂದಿದ್ದು ಸುಮ್ನೆ ಅಲ್ಲ ಅಂತ ನಾನು ಅನ್ಕೊಂಡಿದ್ದೀನಿ. ತೊಟ್ಟಿಕ್ಕು ಎರಡೂ ಕಡೆ ನಡೆಯುತ್ತೆ, ನಲ್ಲಿ ತೊಟ್ಟಿಕ್ತಿದೆ ಅಂತೀವಲ್ಲ. ಜಿನುಗು ಬಗ್ಗೆ ನಂಗೆ ಅನುಮಾನ ಇದೆ, "ಗೋಡೆ ಜಿನುಗ್ತಿದೆ" ಅಂತ ಮಳೆಗಾಲದಲ್ಲಿ ಕೇಳಿದ ನೆನಪು.

ಹಾಗಾಗಿ ಕೇಳ್ತಿದ್ದೀನಿ: ನಿಮ್ಮ ಕಡೆ ಗೋಡೇನೋ ಬಂಡೇನೋ ತಾನೇ ಒಸರುತ್ತೆ ಅಂತಾರಾ? ಒಸರು, ಜಿನುಗು ಎರಡರಲ್ಲಿ ಯಾವುದು ಜಾಸ್ತಿ? ಧಾರವಾಡ, ಕಲಬುರಗಿ ಕಡೆ ಇವಕ್ಕೆ ಬೇರೆ ಮಾತಿದ್ರೆ ಒಂದೊಂದು ವಾಕ್ಯ ಸಮೇತ ಬರೀರಿ. ಅಪ್ಪನಿಗೆ ಗ್ಯಾರೇಜಲ್ಲಿ ಹೇಳೋಕೆ ಅಂತ ಒಂದು ಹಾಳೆ ಬರೆದು ಕಾರಲ್ಲಿ ಇಡ್ತಿದ್ದೀನಿ, ಆ ಎಣ್ಣೆ ಹೆಸರಿನ ಜಾಗ ಇನ್ನೂ ಖಾಲಿ ಬಿಟ್ಟಿದ್ದೀನಿ.