ಗುಲಾಬಿ ಸೆಂಟು ಹದವಾಗಿ ಇರ್ಬೇಕು ಅಂದ್ರೆ ಎಂತ ನೋಡಿ ತಗೋಬೇಕು?

ತೀರ್ಥಹಳ್ಳಿ_ಮಳೆ:
ಹೋದ ತಿಂಗ್ಳು ಕೊಪ್ಪದ ಹತ್ರ ಒಂದು ಮದ್ವೆಗೆ ಹೋಗಿದ್ದೆ, ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಒಬ್ರು ಅಮ್ಮ ಗುಲಾಬಿ ಸೆಂಟು ಹಾಕಿದ್ರು, ಎಂತ ಪರಿಮಳ ಮಾರಾಯ್ರೆ, ಊಟಕ್ಕೆ ಒಂಚೂರೂ ಅಡ್ಡ ಬರ್ಲಿಲ್ಲ, ಅವ್ರು ಕೈ ಆಡ್ಸಿದಾಗ ಮಾತ್ರ ಬೆಳಿಗ್ಗೆ ಹಿತ್ಲಿಗೆ ಪನ್ನೀರ್ ಗುಲಾಬಿ ಕೊಯ್ಯೋಕೆ ಹೋದಂಗೆ, ಹಸಿ ಎಲೆ ವಾಸ್ನೆ ಸಮೇತ. ಹೆಸ್ರು ಕೇಳೋಕೆ ಸಂಕೋಚ ಆಯ್ತು. ಆಮೇಲೆ ಶಿವಮೊಗ್ಗದಲ್ಲಿ ಎರಡು ಬಾಟ್ಲಿ ತಗೊಂಡೆ, ಒಂದು ಗುಲ್ಕಂದ್ ಡಬ್ಬಿ ತೆಗ್ದಂಗೆ ಸಿಹಿ, ಇನ್ನೊಂದು ಬರೀ ಸೋಪು. ಆ ಹದ ಎಲ್ಲಿಂದ ಬರತ್ತೆ?

ಸಾಗರದವ:
ಗುಲಾಬಿ ಕೆಳಗೆ ಎಂತ ಕೂರ್ಸಿದಾರೆ ನೋಡಿ, ಹದ ಇರೋದು ಅಲ್ಲೇ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಅತ್ತರು ಮಾಡೋರು ತಾಮ್ರದ ಹಂಡೇಲಿ ಹೂವು ನೀರು ಹಾಕಿ ಬೆಂಕಿ ಮೇಲಿಡ್ತಾರೆ, ಹಬೆ ಬಿದಿರಿನ ಕೊಳವೇಲಿ ಹೋಗಿ ಇನ್ನೊಂದು ಪಾತ್ರೇಲಿರೋ ಗಂಧದೆಣ್ಣೆಗೆ ಇಳಿಯತ್ತೆ, ಅದೇ ಎಣ್ಣೆಗೆ ಮತ್ತೆ ಮತ್ತೆ ಹೊಸ ಹೂವಿನ ಹಬೆ ಬಿಡ್ತಾರೆ. ಗಂಧ ಗುಲಾಬೀನ ಹಾರೋಕೆ ಬಿಡದೆ ಹಿಡ್ಕೊಳತ್ತೆ, ಸಿಹೀನೂ ತಗ್ಗಿಸತ್ತೆ. ಶಿವಮೊಗ್ಗದಲ್ಲೇ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿದ್ದು, ಸಾಗರ ಸೊರಬದ ಗುಡಿಗಾರರು ಇವತ್ತಿಗೂ ಗಂಧ ಕೆತ್ತುತಾರೆ, ನಮ್ ಕಡೆ ಮೂಗಿಗೆ ಆ ವಾಸ್ನೆ ಮೊದ್ಲೇ ಹತ್ತಿದೆ ಅನ್ಸತ್ತೆ ನಂಗೆ. ಈಗ ಗಂಧದ ರೇಟು ಏರಿ ಬೇರೆ ಎಣ್ಣೇಲಿ ಇಳಿಸೋರೂ ಇದಾರೆ, ಕೇಳಿ ತಗೊಳ್ಳಿ.

ಕೆಮಿಸ್ಟ್ರಿ_ಲೆಕ್ಚರರ್:
ಸೋಪ್ ಅನ್ಸಿದ್ದಕ್ಕೆ ಕಾರಣ ಇದೆ. ಗುಲಾಬಿ ಎಣ್ಣೇಲಿ ನೂರಾರು ಅಂಶ ಇರತ್ತೆ, ಅದ್ರಲ್ಲಿ ಸಿಟ್ರೊನೆಲ್ಲೋಲ್, ಜೆರೇನಿಯೋಲ್ ಥರ ನಾಲ್ಕೈದೇ ಬೆರ್ಸಿ ಬಿಟ್ರೆ ಗುಲಾಬಿ ಅಂತ ಗೊತ್ತಾಗತ್ತೆ, ಜೀವ ಇರಲ್ಲ. ಡಮಾಸ್ಕೆನೋನ್ ಅಂತ ಒಂದಿದೆ, ಎಣ್ಣೇಲಿ ಶೇ. 1ಕ್ಕಿಂತ ಎಷ್ಟೋ ಕಮ್ಮಿ, ಆದ್ರೆ ಆ ಹಣ್ಣು ಜೇನಿನ ಆಳ ಬರೋದು ಅದ್ರಿಂದ. ಕೊಂಚ ಹೆಚ್ಚಾದ್ರೆ ಜಾಮ್ ಆಗೋಗತ್ತೆ! ಬಲ್ಗೇರಿಯಾದ ಕಜಾನ್ಲಾಕ್ ಕಡೆ 1 ಕೆಜಿ ಎಣ್ಣೆಗೆ 3 ಟನ್‌ಗೂ ಮೇಲೆ ಹೂವು ಬೇಕು, ಅದೂ ಬಿಸ್ಲು ಏರೋದ್ರೊಳಗೆ ಕೊಯ್ದಿದ್ದು, ಹಂಗಾಗಿ ನೂರಿನ್ನೂರು ರೂಪಾಯಿ ಬಾಟ್ಲೀಲಿ ಅಸಲಿ ಎಣ್ಣೆ ಹುಡುಕ್ಬೇಡಿ. ಲ್ಯಾಬ್‌ದೇ ಆದ್ರೂ ಕೈ ಪಳಗಿದೋರು ಮಾಡಿದ್ರೆ ಚೆನ್ನಾಗೇ ಇರತ್ತೆ.

ಹೊಸನಗರ_ಅಕ್ಕ:
ಅಂಗಡೀಲಿ ಪೇಪರ್ ಮೂಸಿ ದುಡ್ಡು ಕೊಡ್ಬೇಡಿ ಮಾರಾಯ್ರೆ. ಮಣಿಕಟ್ಟಿಗೆ ಹಚ್ಕೊಂಡು ಗಾಂಧಿ ಬಜಾರ್ ಒಂದು ಸುತ್ತು ಹಾಕಿ, ಅರ್ಧ ಗಂಟೆ ಬಿಟ್ಟು ಮೂಸಿ, ಆಗ ಉಳ್ದಿರೋದೇ ದಿನವಿಡೀ ನಿಮ್ ಜೊತೆ ಇರೋದು. ಮಳೆಗಾಲಕ್ಕೆ ನಂಗೆ ಗುಲಾಬಿ ಜೊತೆ ಲಾವಂಚ ಇರೋದೇ ಆಗ್ಬೇಕು, ಅಜ್ಜಿ ಟ್ರಂಕಿನಲ್ಲಿ ಸೀರೆ ಮಧ್ಯ ಲಾವಂಚದ ಬೇರು ಇಡ್ತಿದ್ರು, ಆ ತಂಪು ಬೇರೆ ಯಾವ್ದ್ರಲ್ಲೂ ಇಲ್ಲ.

ತೀರ್ಥಹಳ್ಳಿ_ಮಳೆ:
ಅಕ್ಕಾ, ಲಾವಂಚ ಅಂದ್ರಲ್ಲ, ಈಗ ನೆನಪಾಯ್ತು, ಅವ್ರು ಉಟ್ಟಿದ್ದು ಹಳೇ ರೇಷ್ಮೆ ಸೀರೆ, ಏಳುವಾಗ ಸೆರಗು ಸರಿ ಮಾಡ್ಕೊಂಡ್ರು, ಆಗ ಬೇರಿನ ವಾಸ್ನೆ ಬಂದಿತ್ತು. ಅರ್ಧ ಪರಿಮಳ ಸೀರೇದೇ ಇರ್ಬೇಕು. ಶನಿವಾರ ಶಿವಮೊಗ್ಗಕ್ಕೆ ಬರ್ತೀನಿ, ಮೊದ್ಲು ಗ್ರಂದಿಗೆ ಅಂಗಡೀಲಿ ಬೇರು ತಗೊಂಡು ಆಮೇಲೆ ಅತ್ತರು ನೋಡ್ತೀನಿ.